ತಾಮ್ರದ ತಂತಿ ಕಳಚುವ ಮೊದಲು: ಮುಂಬಯಿಯ ಸಣ್ಣ ಕಚೇರಿಗೆ ಯಾವ ಬ್ರಾಡ್‌ಬ್ಯಾಂಡ್, ಯಾವ ಫೋನ್?

ಮಾಟುಂಗದ ಹೋಟೆಲಿನ ಬೋರ್ಡು, ಫೋರ್ಟಿನ ಲೆಕ್ಕಪರಿಶೋಧಕರ ಲೆಟರ್‌ಹೆಡ್, ಮಸ್ಜಿದ್ ಬಂದರಿನ ಟ್ರಾನ್ಸ್‌ಪೋರ್ಟ್ ಕಚೇರಿಯ ಬಿಲ್ ಪುಸ್ತಕ, ಘಾಟ್‌ಕೋಪರಿನ ಕ್ರೆಡಿಟ್ ಸೊಸೈಟಿಯ ಪಾಸ್‌ಬುಕ್ಕು. ಎಲ್ಲೆಡೆಯೂ 022ರ ಮುಂದೆ 2ರಿಂದ ಶುರುವಾಗುವ ಎಂಟಂಕಿಯ ನಂಬರು ಇನ್ನೂ ಅಚ್ಚಾಗಿದೆ. ಅದು ಸರ್ಕಾರಿ ದೂರವಾಣಿ ಸಂಸ್ಥೆ ಎಂಟಿಎನ್‌ಎಲ್ ಕೊಟ್ಟ ನಂಬರು. ಮುಂಬಯಿ, ದೆಹಲಿಗಳಿಗೆಂದೇ 1986ರಲ್ಲಿ ಹುಟ್ಟಿದ ಆ ಸಂಸ್ಥೆಯಿಂದ 2020ರ ಜನವರಿ ಕೊನೆಗೆ, ಎರಡೂ ನಗರ ಸೇರಿ, ಹದಿನಾಲ್ಕು ಸಾವಿರಕ್ಕೂ ಹೆಚ್ಚು ನೌಕರರು ಒಂದೇ ಸಲ ಸ್ವಯಂನಿವೃತ್ತಿ ಪಡೆದರು. 2025ರ ಆರಂಭದಿಂದ ಅದರ ಜಾಲವನ್ನು ಬಿಎಸ್‌ಎನ್‌ಎಲ್ ನಡೆಸುತ್ತಿದೆ. ನೆಲದಡಿಯ ಕೇಬಲ್ಲಿನ ಜೋಡಣೆಗಳಿಗೆ ಮಳೆಗಾಲದಲ್ಲಿ ನೀರಿಳಿಯುತ್ತದೆ. ತಾಮ್ರಕ್ಕೆ ಬೆಲೆ ಇರುವುದರಿಂದ ಕಳ್ಳರು ಕೇಬಲನ್ನೇ ಕತ್ತರಿಸಿ ಒಯ್ಯುತ್ತಾರೆ. ಕೆಟ್ಟ ತಂತಿಜೋಡಿಯನ್ನು ಪತ್ತೆಹಚ್ಚಿ ಕೂಡಿಸಬಲ್ಲ ಲೈನ್‌ಮ್ಯಾನ್‌ಗಳು ನಿವೃತ್ತರಾಗಿದ್ದಾರೆ. ತಾಮ್ರ ಹಿಂದೆ ಸರಿಯುತ್ತಿರುವುದು ಇಲ್ಲಿ ಮಾತ್ರವಲ್ಲ. ಬ್ರಿಟನ್ ತನ್ನ ಹಳೆಯ ದೂರವಾಣಿ ಜಾಲವನ್ನು ಮುಚ್ಚಲು 2027ರ ಜನವರಿಯ ಗಡುವನ್ನೇ ಹಾಕಿಕೊಂಡಿದೆ.

ಬದಲಿಸಬೇಕು ಎಂಬುದರಲ್ಲಿ ಅನುಮಾನವಿಲ್ಲ. ಯಾವುದಕ್ಕೆ ಬದಲಿಸಬೇಕು ಎಂಬಲ್ಲಿ ಹೆಚ್ಚಿನ ಕಚೇರಿಗಳು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಎಂಬಿಪಿಎಸ್, ತಿಂಗಳಿಗೆ ಎಷ್ಟು ರೂಪಾಯಿ’ ಎಂಬುದು. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ತಾಮ್ರದ ಫೋನು ಒಂದೇ ಬಿಲ್ಲಿನಲ್ಲಿ ಮೂರನ್ನು ಕೊಡುತ್ತಿತ್ತು: ಒಂದು ಖಾಯಂ ನಂಬರು, ಫೋನು ನಡೆಯಲು ಬೇಕಾದ ವಿದ್ಯುತ್ತು, ಕೆಟ್ಟಾಗ ಹೊಣೆ ಹೊರುವ ಒಬ್ಬ ಯಜಮಾನ. ಹೊಸ ವ್ಯವಸ್ಥೆಯಲ್ಲಿ ಈ ಮೂರೂ ಬೇರೆ ಬೇರೆಯಾಗಿವೆ, ಬೇರೆ ಬೇರೆಯಾಗಿಯೇ ಕೊಳ್ಳಬೇಕು. ಮಾರಲು ಬಂದವರ ಎದುರು ಈ ಮೂರನ್ನೂ ಒಂದೊಂದಾಗಿ ಕೇಳಿ. ಅವರ ಉತ್ತರಗಳಲ್ಲೇ ಆಯ್ಕೆ ಅರ್ಧ ತೀರ್ಮಾನವಾಗುತ್ತದೆ.

ಮೊದಲು ನಂಬರು

ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರ ಜನವರಿಯಲ್ಲಿ ಬಂತು. ಸ್ಥಿರ ದೂರವಾಣಿಗೆ ಅಂಥ ಸೌಲಭ್ಯ ಇಲ್ಲ. ಎಂಟಿಎನ್‌ಎಲ್ ನಂಬರನ್ನು ಜಿಯೋಗೋ ಏರ್‌ಟೆಲ್‌ಗೋ ಒಯ್ಯಲಾಗದು. ಅವರು ಕೊಡುವುದು ಹೊಸ 022 ನಂಬರು. ಈ ಒಂದು ಸಂಗತಿ ತಿಳಿಯದೆ, ಅಗ್ಗದ ಫೈಬರ್ ಪ್ಲಾನಿಗೆ ಸಹಿ ಹಾಕಿ, ಹಳೆಯ ಲೈನನ್ನು ಅದೇ ವಾರ ಕಂಪನಿಗೆ ವಾಪಸು ಒಪ್ಪಿಸಿಬಿಟ್ಟವರ ನಷ್ಟವನ್ನು ಯಾವ ಪ್ಲಾನೂ ತುಂಬಿಕೊಡುವುದಿಲ್ಲ.

ಮುಂಬಯಿ ಕನ್ನಡಿಗರಾದ ನಮ್ಮವರ ವ್ಯವಹಾರಕ್ಕೆ ಇದು ಹೆಚ್ಚು ತಟ್ಟುತ್ತದೆ. ಮದುವೆಯ ಊಟಕ್ಕೆ ಕೇಟರಿಂಗ್ ಹಿಡಿಯುವವರು ಎರಡು ತಲೆಮಾರಿನ ಪರಿಚಯದಿಂದ ಬರುತ್ತಾರೆ. ಉಡುಪಿ, ಮಂಗಳೂರು, ಕುಂದಾಪುರದಲ್ಲಿರುವ ಹಿರಿಯರ ಡೈರಿಯಲ್ಲಿ ಬರೆದಿಟ್ಟಿರುವುದು ಆ ಹಳೆಯ ನಂಬರು. ಸಂಘದ ರಸೀದಿ ಪುಸ್ತಕದಲ್ಲಿ, ಯಕ್ಷಗಾನದ ಕರಪತ್ರದಲ್ಲಿ, ಸ್ಮರಣ ಸಂಚಿಕೆಯ ಜಾಹೀರಾತಿನಲ್ಲಿ ಅದೇ ಇದೆ. ಅದು ಸತ್ತರೆ ಕರೆ ಮಾಡಿದವರು ಮತ್ತೊಮ್ಮೆ ಹುಡುಕುವುದಿಲ್ಲ. ‘ಅಂಗಡಿ ಮುಚ್ಚಿರಬೇಕು’ ಎಂದುಕೊಂಡು ಬೇರೆಯವರಿಗೆ ಫೋನ್ ಮಾಡುತ್ತಾರೆ.

ಹಳೆಯ ನಂಬರೇ ಬೇಕೆನ್ನುವವರು ಅದೇ ಸಂಸ್ಥೆಯ ಫೈಬರಿಗೆ ಹೋಗಬೇಕು. ತಾಮ್ರದಿಂದ ಫೈಬರಿಗೆ ಬರುವ ಗ್ರಾಹಕರಿಗೆ ಅದೇ ನಂಬರನ್ನು ಉಳಿಸಿಕೊಡುವ ಪದ್ಧತಿ ಬಿಎಸ್‌ಎನ್‌ಎಲ್‌ನಲ್ಲಿದೆ. ಆದರೆ ಇದು ನಿಮ್ಮ ಎಕ್ಸ್‌ಚೇಂಜಿಗೆ, ನಿಮ್ಮ ಕಟ್ಟಡಕ್ಕೆ ಅನ್ವಯಿಸುತ್ತದೆಯೇ ಎಂದು ಅರ್ಜಿಯಲ್ಲೇ ಬರೆಸಿಕೊಳ್ಳಿ, ಬಾಯಿಮಾತಿಗೆ ಬಿಡಬೇಡಿ. ಇನ್ನೊಂದು ಗಮನಿಸಬೇಕಾದ ವಿಷಯ: ಮುಂಬಯಿ, ಠಾಣೆ, ನವಿ ಮುಂಬಯಿ, ಮೀರಾ–ಭಾಯಂದರ್‌ಗಳು 022ರ ಎಂಟಿಎನ್‌ಎಲ್ ವಲಯ. ಡೊಂಬಿವಲಿ, ಕಲ್ಯಾಣಗಳು 0251ರ ವಲಯ, ಅಲ್ಲಿ ಮೊದಲಿನಿಂದಲೂ ಬಿಎಸ್‌ಎನ್‌ಎಲ್. ಡೊಂಬಿವಲಿಗೆ ಕಚೇರಿ ಸ್ಥಳಾಂತರಿಸುವವರ ಕೈಯಿಂದ 022 ನಂಬರು ಹೇಗೂ ತಪ್ಪುತ್ತದೆ.

ಕರೆಗಳನ್ನು ತಮ್ಮ ಸರ್ವರಿನಿಂದಲೇ ನಿಮ್ಮ ಮೊಬೈಲುಗಳಿಗೆ ತಿರುಗಿಸುವ ಕ್ಲೌಡ್ ಟೆಲಿಫೋನಿ ಕಂಪನಿಗಳು ಕೊಡುವ ನಂಬರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ನಂಬರು ನಿಮ್ಮ ಸಂಸ್ಥೆಯ ಹೆಸರಿನಲ್ಲಿ ದಾಖಲಾಗುತ್ತದೆಯೇ, ಅಥವಾ ಅವರ ಬುಟ್ಟಿಯಿಂದ ಬಾಡಿಗೆಗೆ ಬರುತ್ತದೆಯೇ? ಬಾಡಿಗೆಯದಾದರೆ ಒಪ್ಪಂದ ಮುಗಿದ ಮರುದಿನ ಅದು ಇನ್ನೊಬ್ಬರಿಗೆ ಹೋಗಬಹುದು. ಒಪ್ಪಂದದಲ್ಲಿ ನಂಬರಿನ ಒಡೆತನದ ಕಲಮನ್ನು ಹುಡುಕಿ ಓದಿ, ಇಲ್ಲದಿದ್ದರೆ ಸೇರಿಸಲು ಹೇಳಿ.

ಹೀಗಾಗಿ ನನ್ನ ಸಲಹೆ ಕೆಲವರಿಗೆ ವಿಚಿತ್ರವೆನಿಸಬಹುದು: ಮುಂದಿನ ಇಪ್ಪತ್ತು ವರ್ಷಕ್ಕೆ ಬೋರ್ಡಿನ ಮೇಲೆ ಬರೆಸುವ ಮುಖ್ಯ ನಂಬರು ಮೊಬೈಲಿನದಾಗಿರಲಿ. ಕಂಪನಿಯಿಂದ ಕಂಪನಿಗೆ ಒಯ್ಯಬಹುದಾದ ನಂಬರು ಇಂದು ಅದೊಂದೇ. ಆದರೆ ಅದು ಮಾಲೀಕರ ಮಗನ ಹೆಸರಿನಲ್ಲೋ ಮ್ಯಾನೇಜರ ಹೆಸರಿನಲ್ಲೋ ಇರಬಾರದು. ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ದಾಖಲೆ ಕೊಟ್ಟು ಪಡೆದ ಪೋಸ್ಟ್‌ಪೇಯ್ಡ್ ಸಂಪರ್ಕವಾಗಿರಬೇಕು. ಸಿಮ್ ಹಾಕಿಕೊಳ್ಳುವ ಮೇಜಿನ ಫೋನುಗಳು ಸಿಗುತ್ತವೆ. ಗಲ್ಲಾದ ಪಕ್ಕದಲ್ಲಿ ಇಟ್ಟರೆ ನೋಡಲೂ ಬಳಸಲೂ ಲ್ಯಾಂಡ್‌ಲೈನಿನಂತೆಯೇ. 022 ನಂಬರು ಎರಡನೆಯ ಸಾಲಿನಲ್ಲಿರಲಿ. ಬ್ಯಾಂಕು, ಸರ್ಕಾರಿ ಟೆಂಡರು, ದೊಡ್ಡ ಗ್ರಾಹಕರ ಕಣ್ಣಿಗೆ ಸ್ಥಿರ ನಂಬರು ಈಗಲೂ ಭರವಸೆ ಕೊಡುತ್ತದೆ. ಅದನ್ನು ಪೂರ್ತಿ ಬಿಡುವ ಅಗತ್ಯವೂ ಇಲ್ಲ.

ಮಾತಿಗೆ ವೇಗ ಎಷ್ಟು ಬೇಕು?

ಬಹಳ ಕಡಿಮೆ. ಗುಣಮಟ್ಟದ ಒಂದು ಇಂಟರ್ನೆಟ್ ಕರೆಗೆ, ಜಿ.711 ಎಂಬ ಕೋಡೆಕ್ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಬಳಸಿದರೆ, ಎರಡೂ ದಿಕ್ಕಿಗೆ ತಲಾ 100 ಕೆಬಿಪಿಎಸ್ ಒಳಗೇ ಸಾಕು. ಏಕಕಾಲಕ್ಕೆ ಹತ್ತು ಜನ ಮಾತನಾಡಿದರೂ ಒಂದು ಎಂಬಿಪಿಎಸ್. ‘ಫೋನ್ ಚೆನ್ನಾಗಿ ಬರಬೇಕಾದರೆ 300 ಎಂಬಿಪಿಎಸ್‌ನ ಪ್ಲಾನ್ ತೆಗೆದುಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಗೇ ಬಿಡಿ.

ಮಾತು ಕೆಡುವುದು ವೇಗ ಸಾಲದೆ ಅಲ್ಲ, ಮಾತನ್ನು ಹೊತ್ತ ಪ್ಯಾಕೆಟ್‌ಗಳು ಎಂಬ ಸಣ್ಣ ಕಟ್ಟುಗಳು ಏರುಪೇರಾಗಿ ಬರುವುದರಿಂದ. ಧ್ವನಿ ಒಂದು ತುದಿಯಿಂದ ಇನ್ನೊಂದು ತುದಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಕೂಡ ಅದೇ. ಪ್ಯಾಕೆಟ್ ನಷ್ಟ ಶೇಕಡ ಒಂದನ್ನು ದಾಟಿದರೆ ಮಾತಿನ ನಡುವೆ ಅಕ್ಷರಗಳು ನುಂಗಿಹೋಗುತ್ತವೆ. ಕಚೇರಿಗಳಲ್ಲಿ ಇದಕ್ಕೆ ಮುಖ್ಯ ಕಾರಣ ಅಪ್‌ಲೋಡ್. ಸಿಸಿಟಿವಿ ದೃಶ್ಯಗಳು ಕ್ಲೌಡಿಗೆ ಏರುತ್ತಿರುತ್ತವೆ, ಸಂಜೆ ಟ್ಯಾಲಿಯ ಬ್ಯಾಕಪ್ ಹೋಗುತ್ತಿರುತ್ತದೆ, ಯಾರೋ ಮದುವೆಯ ವಿಡಿಯೋ ಕಳುಹಿಸುತ್ತಿರುತ್ತಾರೆ. ಅದೇ ಹೊತ್ತಿಗೆ ಬಂದ ಕರೆಯಲ್ಲಿ ನಮ್ಮ ಮಾತು ಆಚೆಯವರಿಗೆ ತುಂಡುತುಂಡಾಗಿ ಕೇಳಿಸುತ್ತದೆ, ಅವರ ಮಾತು ನಮಗೆ ಸ್ಪಷ್ಟವಾಗಿರುತ್ತದೆ. ಹಾಗಾಗಿ ಪ್ಲಾನಿನ ಹಾಳೆಯಲ್ಲಿ ಡೌನ್‌ಲೋಡಿನ ಪಕ್ಕದಲ್ಲಿ ಅಪ್‌ಲೋಡ್ ಎಷ್ಟೆಂದು ಕೇಳಿ. ಧ್ವನಿಗೆ ಮೊದಲ ದಾರಿ ಬಿಡುವ ಆದ್ಯತೆಯ ಏರ್ಪಾಡು ರೌಟರಿನಲ್ಲಿ ಇದೆಯೇ ನೋಡಿ.

ಪರೀಕ್ಷೆ ಸುಲಭ. ಹೊಸ ಲೈನು ಬಂದ ದಿನವೇ, ದೊಡ್ಡ ಫೈಲೊಂದನ್ನು ಅಪ್‌ಲೋಡಿಗೆ ಹಚ್ಚಿ, ಅದು ಹೋಗುತ್ತಿರುವಾಗ ಪಿಂಗ್ ಪರೀಕ್ಷೆ (ಸಂದೇಶ ಹೋಗಿಬರಲು ಹಿಡಿಯುವ ಸಮಯದ ಅಳತೆ) ಮಾಡಿ. ಖಾಲಿ ಲೈನಿನಲ್ಲಿ 5 ಮಿಲಿಸೆಕೆಂಡ್ ಇದ್ದದ್ದು ಆಗ 20–30ಕ್ಕೆ ಏರಿದರೆ ಚಿಂತೆಯಿಲ್ಲ. 300 ದಾಟಿದರೆ ಆ ಲೈನಿನ ಮೇಲೆ, ಆ ರೌಟರಿನೊಂದಿಗೆ, ಕಚೇರಿಯ ಫೋನ್ ನಡೆಸಲಾಗದು.

ಲೈನು: ನಾಲ್ಕು ಬಗೆ

ದೊಡ್ಡ ಕಂಪನಿಗಳ ಫೈಬರನ್ನು ಮೊದಲು ನೋಡೋಣ. ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್‌ನಂಥವರು ಕೊಡುವುದು ಸಾಮಾನ್ಯವಾಗಿ ಜಿಪಾನ್ ತಂತ್ರದ ಫೈಬರು. ಒಂದು ಎಳೆಯನ್ನು ಸ್ಪ್ಲಿಟರಿನಲ್ಲಿ ಒಡೆದು 32 ಅಥವಾ 64 ಮನೆ, ಕಚೇರಿಗಳಿಗೆ ಹಂಚುತ್ತಾರೆ. ಎಲ್ಲರಿಗೂ ಸೇರಿ ಕೆಳಮುಖವಾಗಿ ಸುಮಾರು 2.5 ಜಿಬಿಪಿಎಸ್, ಮೇಲ್ಮುಖವಾಗಿ ಸುಮಾರು 1.25 ಜಿಬಿಪಿಎಸ್. ಈ ಸ್ಪ್ಲಿಟರಿಗೆ ವಿದ್ಯುತ್ತು ಬೇಡ, ಅದು ಬರೀ ಗಾಜಿನ ಕವಲು. ಕಂಪನಿಯ ಕೇಂದ್ರದಿಂದ ನಿಮ್ಮ ಗೋಡೆಯವರೆಗೆ ದಾರಿಯಲ್ಲಿ ಕರೆಂಟು ಹೋಗಿ ಕೆಡುವಂಥದ್ದು ಏನೂ ಇರುವುದಿಲ್ಲ. ಸಣ್ಣ ಕಚೇರಿಗೆ ಇದು ನನ್ನ ಮೊದಲ ಆಯ್ಕೆ.

ಎರಡನೆಯದು ಬಡಾವಣೆಯ ಕೇಬಲ್‌ವಾಲಾ ಕೊಡುವ ಇಂಟರ್ನೆಟ್. ಇದನ್ನು ಕಡೆಗಣಿಸುವವರಿದ್ದಾರೆ, ನಾನು ಅವರ ಜೊತೆಗಿಲ್ಲ. ಲೈನು ಕೆಟ್ಟರೆ ಅರ್ಧ ಗಂಟೆಯಲ್ಲಿ ಏಣಿ ಹಿಡಿದು ಬರುವವನು ಆತನೇ. ಫೋನೆತ್ತಿದರೆ ಹೆಸರು ಹಿಡಿದು ಮಾತನಾಡುತ್ತಾನೆ. ದೊಡ್ಡ ಕಂಪನಿಯ ಆ್ಯಪಿನಲ್ಲಿ ದೂರಿನ ಸಂಖ್ಯೆ ಬರುತ್ತದೆ, ಮನುಷ್ಯ ಬರುವುದು ಆಮೇಲೆ. ಆದರೆ ಕೇಬಲ್‌ವಾಲಾನಿಗೆ ಒಂದು ಪ್ರಶ್ನೆ ಕೇಳಲೇಬೇಕು: ಕಚೇರಿಯ ಒಳಗೆ ಬರುವುದು ಫೈಬರೋ, ಅಥವಾ ಟೆರೇಸಿನ ಮೇಲೋ ಮೀಟರ್ ಕೋಣೆಯಲ್ಲೋ ಇಟ್ಟ ಸ್ವಿಚ್ಚಿನಿಂದ (ಒಂದು ಲೈನನ್ನು ಹಲವರಿಗೆ ಹಂಚುವ ಪೆಟ್ಟಿಗೆ) ಎಳೆದ ಲ್ಯಾನ್ ವೈರೋ? ಸ್ವಿಚ್ಚಿಗೆ ಕರೆಂಟು ಬೇಕು. ಕಟ್ಟಡದ ವಿದ್ಯುತ್ತು ಹೋದರೆ ನಿಮ್ಮ ಕೋಣೆಯಲ್ಲಿ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಗುಡುಗು ಮಿಂಚಿನ ದಿನ ಟೆರೇಸಿನ ಸ್ವಿಚ್ಚು ಸುಡುವುದೂ ಉಂಟು. ಇನ್ನೊಂದು: ಕಟ್ಟಡದಿಂದ ಕಟ್ಟಡಕ್ಕೆ ಗಾಳಿಯಲ್ಲಿ ತೂಗುವ ಕೇಬಲ್ಲುಗಳನ್ನು ಮಹಾನಗರಪಾಲಿಕೆ ಆಗಾಗ ಕತ್ತರಿಸಿ ತೆಗೆಯುತ್ತದೆ. ನಿಮ್ಮ ಲೈನು ರಸ್ತೆ ದಾಟುವುದು ನೆಲದಡಿಯೋ ಮೇಲಿಂದಲೋ ಎಂಬುದನ್ನು ಕಿಟಕಿಯಿಂದಲೇ ನೋಡಿ ತಿಳಿಯಬಹುದು.

ಮೂರನೆಯದು 5ಜಿ ಮೇಲೆ ನಡೆಯುವ ನಿಸ್ತಂತು ಬ್ರಾಡ್‌ಬ್ಯಾಂಡ್. ಏರ್‌ಟೆಲ್ ಮತ್ತು ಜಿಯೋ ಎರಡೂ 2023ರಲ್ಲಿ ಏರ್‌ಫೈಬರ್ ಎಂಬ ಹೆಸರಿನಲ್ಲಿ ಇದನ್ನು ಮುಂಬಯಿಗೆ ತಂದವು. ಹೆಸರಿನಲ್ಲಿ ಫೈಬರ್ ಇದ್ದರೂ ಕಚೇರಿಗೆ ಬರುವುದು ರೇಡಿಯೋ ಅಲೆ. ಫೋರ್ಟು, ಕಾಲ್ಬಾದೇವಿಗಳ ಪಗಡಿ (ಮುಂಗಡ ಕೊಟ್ಟು ಹಿಡಿದ ಹಳೆಯ ಬಾಡಿಗೆಯ) ಕಟ್ಟಡಗಳಲ್ಲಿ ಇದರ ಬೆಲೆ ತಿಳಿಯುತ್ತದೆ: ಮಾಲೀಕ ಗೋಡೆ ಕೊರೆಯಲು ಬಿಡುವುದಿಲ್ಲ, ಬಾಡಿಗೆದಾರರಲ್ಲಿ ಒಮ್ಮತವಿಲ್ಲ, ಮೆಟ್ಟಿಲ ಪಕ್ಕದಲ್ಲಿ ಹಳೆಯ ವೈರುಗಳ ಗೊಂಚಲಿನಲ್ಲಿ ಇನ್ನೊಂದಕ್ಕೆ ಜಾಗವಿಲ್ಲ. ಅಂಥಲ್ಲಿ ಕಿಟಕಿಯ ಹೊರಗೆ ಒಂದು ಪೆಟ್ಟಿಗೆ ಕೂಡಿಸಿದರೆ ಕೆಲಸ ನಡೆಯುತ್ತದೆ. ಆದರೆ ಟವರಿನ ಸಾಮರ್ಥ್ಯವನ್ನು ಸುತ್ತಲಿನ ಎಲ್ಲ ಮೊಬೈಲುಗಳ ಜೊತೆ ಹಂಚಿಕೊಳ್ಳಬೇಕು. ದಟ್ಟಣೆಯ ಹೊತ್ತಿನಲ್ಲಿ ವಿಳಂಬ ಏರಿಳಿಯುತ್ತದೆ. ಇದನ್ನೇ ಏಕೈಕ ಲೈನಾಗಿ ಇಟ್ಟುಕೊಂಡು ಅದರ ಮೇಲೆ ಇಂಟರ್ನೆಟ್ ಫೋನ್ ನಡೆಸುವುದನ್ನು ನಾನು ಒಪ್ಪುವುದಿಲ್ಲ. ಫೈಬರ್ ಕಡಿದಾಗ ಕೈಹಿಡಿಯುವ ಎರಡನೆಯ ಲೈನಾಗಿ ಇದಕ್ಕಿಂತ ಒಳ್ಳೆಯದು ಇಲ್ಲ.

ನಾಲ್ಕನೆಯದು ಲೀಸ್ಡ್ ಲೈನ್. ಹೇಳಿದ ವೇಗ ಪೂರ್ತಿ ನಿಮ್ಮದೇ, ಅಪ್‌ಲೋಡೂ ಡೌನ್‌ಲೋಡೂ ಸಮ, ಬದಲಾಗದ ಇಂಟರ್ನೆಟ್ ವಿಳಾಸ (ಸ್ಥಿರ ಐಪಿ), ಕೆಟ್ಟರೆ ಇಷ್ಟು ಗಂಟೆಯೊಳಗೆ ಸರಿಪಡಿಸುತ್ತೇವೆ ಎಂಬ ಲಿಖಿತ ಕರಾರು. ಬೆಲೆ ಸಾಧಾರಣ ಬ್ರಾಡ್‌ಬ್ಯಾಂಡಿನ ಹಲವು ಪಟ್ಟು. ಸಹಕಾರಿ ಬ್ಯಾಂಕಿನ ಕೇಂದ್ರ ಕಚೇರಿಗೆ, ಕಾಲ್ ಸೆಂಟರಿಗೆ, ದಿನವಿಡೀ ಸರ್ವರ್ ತೆರೆದಿಡಬೇಕಾದವರಿಗೆ ಸರಿ. ಹತ್ತು ಜನರ ಕಚೇರಿಗೆ ಅದರ ಬದಲು ಎರಡು ಬೇರೆ ಬೇರೆ ಲೈನುಗಳು ಹೆಚ್ಚು ಆಸರೆ.

‘ಬೇರೆ ಬೇರೆ’ ಎಂಬುದನ್ನು ಒತ್ತಿ ಹೇಳಬೇಕು. ಎರಡು ಕಂಪನಿಗಳ ಬಿಲ್ಲು ಬಂದ ಮಾತ್ರಕ್ಕೆ ಲೈನು ಎರಡಾಗುವುದಿಲ್ಲ. ಮುಂಬಯಿಯಲ್ಲಿ ಎರಡೂ ಕೇಬಲ್ಲುಗಳು ಒಂದೇ ಕೊಳವೆಯಲ್ಲಿ ಕಟ್ಟಡ ಸೇರುವುದು, ಒಂದೇ ಕಂಬದಲ್ಲಿ ಜೋತಾಡುವುದು ಸಾಮಾನ್ಯ. ಒಂದು ಅಗೆತಕ್ಕೆ, ಒಂದು ಇಲಿಯ ಹಲ್ಲಿಗೆ ಎರಡೂ ಹೋಗುತ್ತವೆ. ಮಳೆಗಾಲದಲ್ಲಿ ರಸ್ತೆ ಅಗೆಯಲು ಪಾಲಿಕೆ ಸಾಮಾನ್ಯವಾಗಿ ಅನುಮತಿ ಕೊಡುವುದಿಲ್ಲವಾದ್ದರಿಂದ ಜುಲೈಯಲ್ಲಿ ನೆಲದಡಿ ಕಡಿದ ಕೇಬಲ್ ಬೇಗ ಕೂಡುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಒಂದು ನೆಲದಡಿಯ ಫೈಬರು, ಇನ್ನೊಂದು 5ಜಿಯ ನಿಸ್ತಂತು ಲೈನು: ಇದು ನಿಜವಾದ ಜೋಡಿ. ಎರಡನ್ನೂ ಎರಡು ಲೈನು ಹಿಡಿಯಬಲ್ಲ ಒಂದೇ ಡ್ಯುಯಲ್ ವ್ಯಾನ್ ರೌಟರಿಗೆ ಸೇರಿಸಿದರೆ ಒಂದು ಬಿದ್ದಾಗ ಇನ್ನೊಂದು ತಾನೇ ಎತ್ತಿಕೊಳ್ಳುತ್ತದೆ.

ಕರೆಂಟಿನ ಪ್ರಶ್ನೆ

ತಾಮ್ರದ ಫೋನಿಗೆ ವಿದ್ಯುತ್ತು ಬರುತ್ತಿದ್ದುದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿ ಸಾಲಿನಿಂದ, ಅದೇ ತಂತಿಯ ಮೂಲಕ. ಕಟ್ಟಡ ಕತ್ತಲಾದರೂ ಫೋನು ರಿಂಗಣಿಸುತ್ತಿತ್ತು. ಫೈಬರ್ ಗಾಜು, ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯುವುದಿಲ್ಲ. ಫೈಬರ್ ಬಂದು ಸೇರುವ ಗೋಡೆಯ ಮೇಲಿನ ಒಎನ್‌ಟಿ ಪೆಟ್ಟಿಗೆ, ರೌಟರ್, ಸ್ವಿಚ್ಚು, ಇಂಟರ್ನೆಟ್ ಮೇಲೆ ನಡೆಯುವ ಐಪಿ ಫೋನು ಎಲ್ಲಕ್ಕೂ ನಿಮ್ಮ ಪ್ಲಗ್ಗಿನಿಂದಲೇ ಕರೆಂಟು. ‘ಮುಂಬಯಿಯಲ್ಲಿ ಕರೆಂಟು ಎಲ್ಲಿ ಹೋಗುತ್ತದೆ’ ಎನ್ನುವವರಿಗೆ 2020ರ ಅಕ್ಟೋಬರ್ 12 ನೆನಪಿರಲಿ. ಆ ಬೆಳಿಗ್ಗೆ ಗ್ರಿಡ್ ಕುಸಿದು ಮಹಾನಗರದ ಬಹುಭಾಗದಲ್ಲಿ ವಿದ್ಯುತ್ತು ನಿಂತಿತು, ಲೋಕಲ್ ರೈಲುಗಳೂ ನಿಂತವು. ದಾದರಿನಿಂದ ದಕ್ಷಿಣಕ್ಕೆ ಇರುವವರಿಗೆ ಇದು ಅಪರೂಪ ನಿಜ. ರಾಜ್ಯದ ವಿದ್ಯುತ್ ಕಂಪನಿ ಮಹಾವಿತರಣದ ವ್ಯಾಪ್ತಿಯ ಡೊಂಬಿವಲಿ, ವಸಾಯಿಯವರಿಗೆ ದುರಸ್ತಿಗೆಂದು ಕರೆಂಟು ತೆಗೆಯುವುದು ಗೊತ್ತೇ ಇದೆ.

ಪರಿಹಾರ ದುಬಾರಿಯಲ್ಲ. ಒಎನ್‌ಟಿ ಮತ್ತು ರೌಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಎರಡೂ ಅಡಾಪ್ಟರುಗಳ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಎಲ್ಲ ಪೆಟ್ಟಿಗೆಯೂ 12 ವೋಲ್ಟಿನದಲ್ಲ. ಐಪಿ ಫೋನುಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಅಡಾಪ್ಟರ್ ಹಾಕುವ ಬದಲು ಲ್ಯಾನ್ ವೈರಿನಲ್ಲೇ ವಿದ್ಯುತ್ತು ಕೊಡುವ ಪಿಒಇ ಸ್ವಿಚ್ಚು ಹಾಕಿ, ಆ ಸ್ವಿಚ್ಚಿಗೆ ಯುಪಿಎಸ್ ಕೊಡಿ. ಆ ಯುಪಿಎಸ್ಸಿಗೆ ಕಂಪ್ಯೂಟರ್, ಪ್ರಿಂಟರ್ ತಗುಲಿಸದಂತೆ ನೋಡಿಕೊಳ್ಳಿ. ಅವು ಬ್ಯಾಟರಿಯನ್ನು ಹತ್ತು ನಿಮಿಷದಲ್ಲಿ ಖಾಲಿ ಮಾಡುತ್ತವೆ.

ಫೋನಿನಲ್ಲಿ ಏನೇನು ಆಯ್ಕೆ

ಅತ್ಯಂತ ಸರಳವಾದದ್ದು ಒಎನ್‌ಟಿ ಪೆಟ್ಟಿಗೆಯ ಹಿಂದೆ ಇರುವ ಫೋನ್ ಜಾಕ್. ಫೈಬರ್ ಕಂಪನಿ ಕೊಡುವ 022 ನಂಬರು ಅಲ್ಲಿ ಬರುತ್ತದೆ, ಹಳೆಯ ಫೋನನ್ನೇ ಚುಚ್ಚಬಹುದು. ಒಂದೆರಡು ಲೈನು ಸಾಕಾದ ಕ್ಲಿನಿಕ್ಕು, ಅಂಗಡಿ, ಟ್ರಾವೆಲ್ ಏಜೆನ್ಸಿಗೆ ಇದಕ್ಕಿಂತ ಮುಂದೆ ಯೋಚಿಸಬೇಕಾಗಿಲ್ಲ. ಮನೆಯ ಪ್ಲಾನನ್ನು ಅಗ್ಗವೆಂದು ಕಚೇರಿಗೆ ಹಾಕಿಸಬೇಡಿ. ವಾಣಿಜ್ಯ ವಿಳಾಸಕ್ಕೆ ವಾಣಿಜ್ಯ ಪ್ಲಾನೇ ತೆಗೆದುಕೊಂಡರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಬರುತ್ತದೆ, ದೂರಸಂಪರ್ಕ ಸೇವೆಯ ಮೇಲಿನ ಶೇಕಡ 18ರ ತೆರಿಗೆಯನ್ನು ನಿಯಮದಂತೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಲು ಅವಕಾಶವಾಗುತ್ತದೆ.

ಇಂಟರ್‌ಕಾಮಿಗೆ ಇಪಿಎಬಿಎಕ್ಸ್ ಇರುವ ಕಚೇರಿಗಳಿಗೆ ಒಂದು ಒಳ್ಳೆಯ ಸುದ್ದಿ: ಅದನ್ನು ಎಸೆಯಬೇಕಾಗಿಲ್ಲ. ಎಂಟಿಎನ್‌ಎಲ್ ಜೋಡಿ ಬರುತ್ತಿದ್ದ ಪೋರ್ಟಿಗೆ ಒಎನ್‌ಟಿಯ ಫೋನ್ ಜಾಕಿನಿಂದ ತಂತಿ ಎಳೆದರೆ ಎಕ್ಸ್‌ಟೆನ್ಷನ್‌ಗಳು ಮೊದಲಿನಂತೆಯೇ ನಡೆಯುತ್ತವೆ. ಹೆಚ್ಚು ಲೈನು ಬೇಕಿದ್ದರೆ ನಾಲ್ಕು ಅಥವಾ ಎಂಟು ಫೋನ್ ಪೋರ್ಟುಗಳಿರುವ ಗೇಟ್‌ವೇ ಪೆಟ್ಟಿಗೆ ಹಾಕಬಹುದು. ಎರಡು ತೊಂದರೆ ಕಾಣಿಸಿಕೊಳ್ಳುತ್ತವೆ, ಎರಡಕ್ಕೂ ಮದ್ದಿದೆ. ಕರೆ ಮಾಡಿದವರ ನಂಬರು ತೆರೆಯ ಮೇಲೆ ಬಾರದಿದ್ದರೆ ಕಾಲರ್ ಐಡಿಯ ವಿಧಾನ ಹೊಂದುತ್ತಿಲ್ಲ ಎಂದರ್ಥ. ಡಿಟಿಎಂಎಫ್, ಎಫ್‌ಎಸ್‌ಕೆ ಎಂಬ ಎರಡರಲ್ಲಿ ಇನ್ನೊಂದಕ್ಕೆ ಬದಲಿಸಬೇಕು. ಆಚೆಯವರು ಫೋನಿಟ್ಟ ಮೇಲೂ ಲೈನು ಹಿಡಿದೇ ಇದ್ದರೆ ಇಪಿಎಬಿಎಕ್ಸಿಗೆ ಹೊಸ ಬ್ಯುಸಿ ಟೋನ್ ಗುರುತಾಗುತ್ತಿಲ್ಲ. ಅದನ್ನು ಇಪಿಎಬಿಎಕ್ಸ್ ಮೆಕ್ಯಾನಿಕ್ ಸರಿಹೊಂದಿಸಬಲ್ಲ.

ಹದಿನೈದಿಪ್ಪತ್ತು ಜನ ಫೋನಿನಲ್ಲೇ ಕೆಲಸ ಮಾಡುವ ಕಚೇರಿಗೆ ಸಿಪ್ ಟ್ರಂಕ್, ಎಂದರೆ ಇಂಟರ್ನೆಟ್ ತಂತ್ರದ ಮೇಲೆ ಒಟ್ಟಿಗೆ ಬರುವ ಹಲವು ಫೋನ್ ಲೈನು. ಹಿಂದೆ ಇದರ ಜಾಗದಲ್ಲಿ ಪಿಆರ್‌ಐ ಇತ್ತು, ಒಂದು ತಾಮ್ರದ ಅಥವಾ ಫೈಬರ್ ಸಂಪರ್ಕದ ಮೇಲೆ 30 ಚಾನೆಲ್ಲು. ಸಿಪ್‌ನಲ್ಲಿ ಬೇಕಾದಷ್ಟೇ ಚಾನೆಲ್ಲು ಕೊಳ್ಳಬಹುದು. ಚಾನೆಲ್ ಎಂದರೆ ಏಕಕಾಲಕ್ಕೆ ನಡೆಯುವ ಕರೆ, ಮೇಜುಗಳ ಲೆಕ್ಕವಲ್ಲ. ಹನ್ನೆರಡು ಎಕ್ಸ್‌ಟೆನ್ಷನ್ ಇರುವ ಕೇಟರಿಂಗ್ ಕಚೇರಿಗೆ ನಾಲ್ಕು ಚಾನೆಲ್ ಸಾಕು ಎನ್ನುವುದು ನನ್ನ ಅಂದಾಜು. ಹಳೆಯ ಬಿಲ್ಲಿನ ಅತಿ ದಟ್ಟಣೆಯ ದಿನ ನೋಡಿ ನಿಮ್ಮ ಲೆಕ್ಕ ಹಾಕಿ. ಟಾಟಾ ಟೆಲಿ, ಏರ್‌ಟೆಲ್, ಜಿಯೋಗಳು ಇದನ್ನು ಕೊಡುತ್ತವೆ. ಟ್ರಂಕು ಅವರದೇ ಫೈಬರಿನ ಮೇಲೆ ಬಂದರೆ ಮಾತು ಕೆಟ್ಟಾಗ ‘ನಮ್ಮದಲ್ಲ, ಇಂಟರ್ನೆಟ್‌ನವರದು’ ಎಂಬ ಉತ್ತರಕ್ಕೆ ಎಡೆಯಿರುವುದಿಲ್ಲ. ಹೊಣೆ ಹೊರುವ ಯಜಮಾನ ಒಬ್ಬನೇ ಇರಬೇಕೆಂದು ನಾನು ಮೊದಲು ಹೇಳಿದ್ದು ಇದಕ್ಕೇ. ಬೇರೆಯವರ ಬ್ರಾಡ್‌ಬ್ಯಾಂಡಿನ ಮೇಲೆ ನಡೆಸುವುದಾದರೆ ರೌಟರಿನಲ್ಲಿ ಸಿಪ್ ಎಎಲ್‌ಜಿ ಎಂಬ ಏರ್ಪಾಡನ್ನು ಆಫ್ ಮಾಡಿ. ಒಂದೇ ಕಡೆ ಧ್ವನಿ ಬರುವುದು, ಅರ್ಧ ನಿಮಿಷಕ್ಕೆ ಕರೆ ಕಡಿಯುವುದು ಮೊದಲಾದ ಕಾಟಗಳಿಗೆ ಬಹಳ ಸಲ ಅದೇ ಮೂಲ.

ಕ್ಲೌಡ್ ಟೆಲಿಫೋನಿಯಲ್ಲಿ ಕಚೇರಿಯಲ್ಲಿ ಪೆಟ್ಟಿಗೆಯೇ ಇರುವುದಿಲ್ಲ. ಎಕ್ಸೊಟೆಲ್, ನೋಲಾರಿಟಿ, ಮೈಆಪರೇಟರ್ ಮೊದಲಾದವು ಈ ಬಗೆಯವು. ಗ್ರಾಹಕ ಒಂದು ನಂಬರಿಗೆ ಕರೆ ಮಾಡುತ್ತಾನೆ, ‘ಕನ್ನಡಕ್ಕೆ ಒಂದು, ಮರಾಠಿಗೆ ಎರಡು’ ಎಂದು ಕೇಳಿಸುತ್ತದೆ, ಕರೆ ನಿಮ್ಮ ಸಿಬ್ಬಂದಿಯ ಮೊಬೈಲಿಗೆ ಹೋಗುತ್ತದೆ. ಕಚೇರಿಯ ಇಂಟರ್ನೆಟ್ ಬಿದ್ದರೂ ಕರೆ ಬಿಡುವುದಿಲ್ಲ. ಮಳೆಯಲ್ಲಿ ಲೋಕಲ್ ನಿಂತು ಸಿಬ್ಬಂದಿಯೆಲ್ಲ ಮನೆಯಲ್ಲೇ ಉಳಿದ ದಿನವೂ ಕಚೇರಿಯ ಫೋನು ನಡೆಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ ಈ ಊರಿನಲ್ಲಿ ಅದು ಸಣ್ಣ ಗುಣವಲ್ಲ. ತೊಡಕು ಎರಡು: ನಂಬರಿನ ಒಡೆತನ, ಮತ್ತು ತಿಂಗಳ ಶುಲ್ಕ ಬಳಕೆದಾರರ ಲೆಕ್ಕದಲ್ಲಿ ಏರುವುದು.

ಕಾನೂನಿನ ಮಾತೊಂದು ಇಲ್ಲಿ ಹೇಳಲೇಬೇಕು. ಇಂಟರ್ನೆಟ್ ಮೂಲಕ ಮಾಡಿದ ಕರೆ ಸಾಮಾನ್ಯ ಫೋನಿಗೂ ಮೊಬೈಲಿಗೂ ತಲುಪಲು 2018ರಿಂದ ಸ್ಪಷ್ಟ ಅನುಮತಿಯಿದೆ, ಆದರೆ ಪರವಾನಗಿ ಇರುವ ಕಂಪನಿಯ ಮೂಲಕ ಮಾತ್ರ. ‘ದುಬೈಗೆ ನಿಮಿಷಕ್ಕೆ ಹತ್ತು ಪೈಸೆ, ದಾಖಲೆ ಬೇಡ’ ಎಂದು ಯಾರಾದರೂ ಪೆಟ್ಟಿಗೆ ಮಾರಲು ಬಂದರೆ ಒಳಗೆ ಬಿಡಬೇಡಿ. ಹಲವು ಸಿಮ್‌ಗಳನ್ನು ಜೋಡಿಸಿ ಅಂತಾರಾಷ್ಟ್ರೀಯ ಕರೆ ತಿರುಗಿಸುವ ಸಿಮ್‌ಬಾಕ್ಸ್ ಅಪರಾಧ, ಅದಕ್ಕೆ ಪೊಲೀಸರು ಬರುತ್ತಾರೆ. ಹಾಗೆಯೇ, ಸಾಧಾರಣ ನಂಬರಿನಿಂದ ಪ್ರಚಾರದ ಕರೆ ಮಾಡಬೇಡಿ. ಅದಕ್ಕೆ 140ರ ಸರಣಿ ಇದೆ. ದೂರು ಹೋದರೆ ನಂಬರೇ ಕಡಿತವಾಗುತ್ತದೆ.

ಯಾರಿಗೆ ಯಾವುದು

ಹೋಟೆಲು, ಅಂಗಡಿ, ಕ್ಲಿನಿಕ್ಕಿಗೆ: ಸಂಸ್ಥೆಯ ಹೆಸರಿನ ಮೊಬೈಲ್ ನಂಬರು, ಒಂದು ಫೈಬರು, ಅದರ ಜಾಕಿನಲ್ಲಿ 022. ಯುಪಿಐ ಯಂತ್ರಕ್ಕೆ ಹೇಗೂ ಅದರದೇ ಸಿಮ್ ಇರುತ್ತದೆ. ಲೆಕ್ಕಪರಿಶೋಧಕರು, ವಕೀಲರು: ಎರಡು ಲೈನು ಬೇಕೇ ಬೇಕು, ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಇಂಟರ್ನೆಟ್ ಹೋದರೆ ದಂಡ ಕಕ್ಷಿದಾರನಿಗೆ. ಫೋನಿಗೆ ಹಳೆಯ ಇಪಿಎಬಿಎಕ್ಸೇ ನಡೆಯಲಿ. ಅಂಧೇರಿ, ವಸಾಯಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಗಾಳಾಗಳಲ್ಲಿ (ಮಳಿಗೆಗಳಲ್ಲಿ) ಇರುವವರು ಮೊದಲು ಎಸ್ಟೇಟಿನ ಸೊಸೈಟಿಯಲ್ಲಿ ಯಾವ ಕಂಪನಿಗೆ ಒಳಬರಲು ಅನುಮತಿ ಇದೆ ಎಂದು ಕೇಳಬೇಕು, ಆಯ್ಕೆ ಅಲ್ಲೇ ಕಿರಿದಾಗುತ್ತದೆ. ಹಲವು ಶಾಖೆಗಳಿರುವ ಕ್ರೆಡಿಟ್ ಸೊಸೈಟಿಗೆ ಕೇಂದ್ರ ಕಚೇರಿಯಲ್ಲಿ ಸಿಪ್ ಟ್ರಂಕು, ಶಾಖೆಗಳಲ್ಲಿ ಅದಕ್ಕೆ ಸೇರಿದ ಐಪಿ ಫೋನು. ಡೊಂಬಿವಲಿ ಶಾಖೆಯಿಂದ ಘಾಟ್‌ಕೋಪರಿಗೆ ಆಗ ಎಕ್ಸ್‌ಟೆನ್ಷನ್ ನಂಬರು ಒತ್ತಿದರೆ ಸಾಕು. ಸಿಬ್ಬಂದಿ ಊರೆಲ್ಲ ಓಡಾಡುವ ಕೇಟರಿಂಗ್, ಟ್ರಾನ್ಸ್‌ಪೋರ್ಟ್, ವಿಮೆಯ ಕೆಲಸಕ್ಕೆ ಕ್ಲೌಡ್.

ಬದಲಿಸುವ ಕ್ರಮ

ಹೊಸ ಲೈನು ಬಂದ ಮೇಲೂ ಹಳೆಯದನ್ನು ಕೆಲವು ತಿಂಗಳು ಇಟ್ಟುಕೊಳ್ಳಿ. ತಾಮ್ರದ ಬಾಡಿಗೆ ಸಣ್ಣದು. ಕಳೆದುಹೋಗುವ ಗ್ರಾಹಕ ದೊಡ್ಡವನು. ಲೈನಿಗೆ ಜೀವವಿದ್ದರೆ ಹಳೆಯ ನಂಬರಿನಿಂದ ಹೊಸದಕ್ಕೆ ಕಾಲ್ ಫಾರ್ವರ್ಡ್ ಹಾಕಿಸಿ. ಕರೆ ಮಾಡಿದ ಪ್ರತಿಯೊಬ್ಬರಿಗೂ ಹೊಸ ನಂಬರನ್ನು ಬರೆದುಕೊಳ್ಳಲು ಹೇಳುವುದನ್ನು ಒಬ್ಬ ಸಿಬ್ಬಂದಿಯ ಕೆಲಸವಾಗಿಸಿ. ಬೋರ್ಡು, ಬಿಲ್ ಪುಸ್ತಕ, ಗೂಗಲ್ ನಕ್ಷೆಯ ಪುಟ, ಬ್ಯಾಂಕಿನ ದಾಖಲೆ, ಜಿಎಸ್‌ಟಿ ನೋಂದಣಿ, ಸಂಘದ ಡೈರೆಕ್ಟರಿಯ ಮುಂದಿನ ಆವೃತ್ತಿ ಎಲ್ಲವನ್ನೂ ತಿದ್ದಿಸಬೇಕು.

ಸುಲಭವಾಗಿ ಮರೆತುಹೋಗುವುದು ವಾಟ್ಸ್ಆ್ಯಪ್ ಬಿಸಿನೆಸ್. ಅದನ್ನು ಲ್ಯಾಂಡ್‌ಲೈನ್ ನಂಬರಿನಲ್ಲಿ ನೋಂದಾಯಿಸಬಹುದಾದ್ದರಿಂದ ಅನೇಕ ಅಂಗಡಿಗಳು ಹಾಗೆ ಮಾಡಿವೆ. ಮುಂದೆ ಹೊಸ ಮೊಬೈಲಿನಲ್ಲಿ ತೆರೆಯುವಾಗ ದೃಢೀಕರಣದ ಕರೆ ಆ ಸತ್ತ ನಂಬರಿಗೇ ಹೋಗುತ್ತದೆ. ಲೈನು ಒಪ್ಪಿಸುವ ಮೊದಲೇ ಆ್ಯಪಿನೊಳಗಿನ ‘ನಂಬರು ಬದಲಿಸಿ’ ಸೌಲಭ್ಯದಿಂದ ಖಾತೆಯನ್ನು ಹೊಸ ನಂಬರಿಗೆ ಸಾಗಿಸಿ.

ಒಪ್ಪಿಸುವ ಹಿಂದಿನ ದಿನ ಕಟ್ಟಡದಲ್ಲಿ ಒಂದು ಸುತ್ತು ಹಾಕಿ, ಆ ತಾಮ್ರದ ಜೋಡಿಗೆ ಬೇರೇನು ಅಂಟಿಕೊಂಡಿದೆ ನೋಡಿ. ಲಿಫ್ಟಿನೊಳಗಿನ ತುರ್ತು ಫೋನು, ಶಟರಿನ ಕಳ್ಳಗಂಟೆಯ ಆಟೋ ಡಯಲರ್, ಬೆಂಕಿ ಎಚ್ಚರಿಕೆಯ ಫಲಕ, ಮೂಲೆಯ ಫ್ಯಾಕ್ಸು ಅದೇ ಲೈನಿನ ಮೇಲಿರಬಹುದು. ಫ್ಯಾಕ್ಸನ್ನು ಬಿಡಬಹುದು. ಉಳಿದ ಮೂರಕ್ಕೆ ಸಿಮ್ ಹಾಕುವ ಡಯಲರ್ ಕೂಡಿಸಿ, ಒಂದೊಂದನ್ನೂ ಒತ್ತಿ ಕರೆ ಹೋಗುತ್ತದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಅರ್ಜಿ ಕೊಡಿ. ಅರ್ಜಿಯ ಜೊತೆ ಕೊನೆಯ ಬಿಲ್ಲು ಕಟ್ಟಿದ ರಸೀದಿ, ಠೇವಣಿ ವಾಪಸು ಕೇಳುವ ಪತ್ರ, ಬ್ಯಾಂಕಿನ ರದ್ದುಗೊಳಿಸಿದ ಚೆಕ್ಕು ಇರಲಿ. ಎಲ್ಲದಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಪ್ರತಿಯನ್ನು ಕಡತದಲ್ಲಿಡಿ.